ಏಕೈಕ ಪ್ರವಾಸಿಯೊಡನೆ ಕುದುರೆಮುಖಕ್ಕೆ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದ ಮನುಷ್ಯನಿಗೆ ಒಂದು ಬೆಟ್ಟ ತೋರಿಸುವುದು ಕಷ್ಟವೇ? ನೀವೇ ಹೇಳಿ. ಪಶ್ಚಿಮ ಘಟ್ಟವನ್ನು ನಾನು ಕಪ್ಪು ಹಲಗೆಯ ಮೇಲೆ ಕಣ್ಣು ಮುಚ್ಚಿ ಬರೆಯಬಲ್ಲೆ. ಶೋಲಾ ಕಾಡು ಎಂದರೇನು, ಅದಕ್ಕೆ ಎರಡು ಅಂಕವಿದ್ದರೆ ಎಷ್ಟು ಬರೆಯಬೇಕು, ನಾಲ್ಕು ಅಂಕವಿದ್ದರೆ ಎಷ್ಟು ಎಳೆಯಬೇಕು ಎಂಬುದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಜೊತೆಗೆ ಪ್ರತಿ ವರ್ಷದ ಶಾಲಾ ಪ್ರವಾಸದ ಉಸ್ತುವಾರಿಯೂ ನನ್ನದೇ. ಸೀಟಿ, ಹಾಜರಿ ಪುಸ್ತಕ, ವಾಂತಿ ಬಂದವರಿಗೆ ನಿಂಬೆಹಣ್ಣು ಹಿಡಿದು ನಾನು ಬಸ್ಸು ಹತ್ತಿದೆನೆಂದರೆ ಮಕ್ಕಳೆಲ್ಲ ಕ್ಷೇಮವಾಗಿ ಮನೆ ಸೇರಿದಂತೆಯೇ. ಹತ್ತುವಾಗ ಎಣಿಸುವುದು, ಇಳಿಯುವಾಗ ಎಣಿಸುವುದು, ನಡುವೆ ಸುಮ್ಮನೆ ಇನ್ನೊಮ್ಮೆ ಎಣಿಸುವುದು. ಒಂದೇ ಒಂದು ಮಗುವನ್ನೂ ನಾನು ಎಲ್ಲಿಯೂ ಬಿಟ್ಟು ಬಂದವನಲ್ಲ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಪ್ರವಾಸಗಳಿಗೆ ಬುತ್ತಿ ಕಟ್ಟುತ್ತಿದ್ದವಳು ನನ್ನ ಹೆಂಡತಿ ಸುಮಿತ್ರೆ. ಮಕ್ಕಳು ತಮ್ಮ ತಮ್ಮ ಮನೆಯಿಂದ ತರುತ್ತಿದ್ದರು, ಮೇಷ್ಟರುಗಳಿಗೆಲ್ಲ ಸುಮಿತ್ರೆಯ ಪುಳಿಯೋಗರೆ. ಬಾಳೆಲೆ ಬಾಡಿಸಿ, ಕಟ್ಟಿ, ಡಬ್ಬದಲ್ಲಿಟ್ಟು ಚೀಲಕ್ಕೆ ತುಂಬಿ, ಬಾಗಿಲಲ್ಲಿ ನಿಂತು ಕಳಿಸಿಕೊಡುತ್ತಿದ್ದಳು. ವಾಪಸ್ಸು ಬಂದ ನಾನು ಕಾಲು ನೀಡಿ ಕೂತು ಕಂಡದ್ದನ್ನೆಲ್ಲ ಬಣ್ಣಿಸಿ ಕೊನೆಯಲ್ಲಿ, "ನೀನೂ ಬರಕಾಗಿತ್ತು ಮಾರಾಯ್ತಿ!" ಎನ್ನುತ್ತಿದ್ದೆ. ವರ್ಷಕ್ಕೊಂದು ಸಲ, ತಪ್ಪದೆ. ಅವಳು "ಹೌದು" ಎಂದು ಖಾಲಿ ಡಬ್ಬ ತೊಳೆಯಲು ಒಳಗೆ ಹೋಗುತ್ತಿದ್ದಳು. ಯಾರು ಕರೆದಿದ್ದರು ಬರಲಿಕ್ಕೆ ಎಂದು ಅವಳು ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಹೀಗಿರುವಾಗ ಮೊನ್ನೆ ಸಂಕ್ರಾಂತಿ ಕಳೆದ ವಾರ, ಸಾಗರದ ನಮ್ಮ ಮನೆಯ ಜಗಲಿಯಲ್ಲಿ ಕೂತು ಸುಮಿತ್ರೆ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದಳು.

"ಇದು ಎಂತ ಹೇಳಿ ನೋಡಿ. ಕುದುರೆಮುಖದ ರಾಷ್ಟ್ರೀಯ ಉದ್ಯಾನಕ್ಕೆ ಒಂದೇ ದಿನದ ಪ್ರವಾಸಡ. ನಮ್ಮಿಬ್ಬರಿಗೇ ಬೇರೆ ಕಾರು, ಬೇರೆ ಗೈಡು. ಬೆಟ್ಟ ಹತ್ತಿಸಿ, ಸಂಜೆ ಮನೆಗೆ ತಂದು ಬಿಡ್ತ್ವಡ. ಹೋಪನ?"

ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ತನಗಾಗಿ ಕೇಳಿದ್ದನ್ನು ಎಣಿಸಲು ಒಂದು ಕೈ ಸಾಕು, ಬೆರಳೂ ಉಳಿಯುತ್ತವೆ. ನಾನು ತಕ್ಷಣ ಹೂಂ ಎನ್ನಬೇಕಿತ್ತು. ಆದರೆ ನನ್ನೊಳಗಿನ ಭೂಗೋಳದ ಮೇಷ್ಟರು ಎದ್ದು ನಿಂತರು.

"ಗೈಡು ಎಂತಕ್ಕೆ? ಆನು ಎಂತಕ್ಕೆ ಇಪ್ಪದು?" ಎಂದೆ. "ಆನೇ ಗೈಡು, ನೀನೇ ಪ್ರವಾಸಿ. ಇಡೀ ದಿನ ನಿನ್ನದು. ನಡುವೆ ಬೇರೆ ಯಾರೂ ಇಲ್ಲೆ!"

ಸುಮಿತ್ರೆ ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಅವಳ ಮುಖ ಅರಳಿತು. ಆ ಮುಖ ನೋಡಿ ನನಗೆ ನನ್ನ ಮೇಲೆಯೇ ಗೌರವ ಬಂತು.

ದಾವಣಗೆರೆಯಲ್ಲಿರುವ ಮಗಳು ಅಲ್ಲಿಂದಲೇ ಇಬ್ಬರ ಹೆಸರಿಗೂ ಬೆಟ್ಟ ಹತ್ತುವ ಪರವಾನಗಿ ಮಾಡಿಸಿ ಕಳಿಸಿದಳು. ನಾನು ಕಾರ್ಯಕ್ರಮದ ಪಟ್ಟಿ ತಯಾರಿಸಿದೆ. ಬೆಳಿಗ್ಗೆ ಐದಕ್ಕೆ ಸಾಗರದಿಂದ ನಿರ್ಗಮನ. ಐದೂ ಐವತ್ತಕ್ಕೆ ಬಟ್ಟೆಮಲ್ಲಪ್ಪ. ಆರೂ ಇಪ್ಪತ್ತಕ್ಕೆ ಹೊಸನಗರ. ಏಳೂವರೆಗೆ ತೀರ್ಥಹಳ್ಳಿ. ಹತ್ತಕ್ಕೆ ಉದ್ಯಾನದ ಬಾಗಿಲು. ಮಧ್ಯಾಹ್ನ ಒಂದಕ್ಕೆ ಬೆಟ್ಟದ ತುದಿಯಲ್ಲಿ ಭೋಜನ ಮತ್ತು ಪಶ್ಚಿಮ ಘಟ್ಟ ಕುರಿತು ಕಿರು ಉಪನ್ಯಾಸ. ಉಪನ್ಯಾಸಕರು: ನಾನು. ಊಟದ ವ್ಯವಸ್ಥೆ: ಸುಮಿತ್ರೆ. ಹೌದು, ಪ್ರವಾಸಿಯೇ ಗೈಡಿಗೂ ಸೇರಿಸಿ ಬುತ್ತಿ ಕಟ್ಟಬೇಕು ಎಂದು ದುಂಡಗೆ ಬರೆದು, ಕೆಳಗೆ ಗೆರೆಯನ್ನೂ ಎಳೆದೆ. ಪಟ್ಟಿಯನ್ನು ಪೇಟೆಗೆ ಒಯ್ದು ಲ್ಯಾಮಿನೇಷನ್ ಬೇರೆ ಮಾಡಿಸಿದೆ!

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ಲ್ಯಾಮಿನೇಷನ್ ಅಷ್ಟು ಚೆಂದ ಬಂದಿತ್ತು, ಅದರ ಫೋಟೋ ತೆಗೆದು ಹಿಂದಿನ ದಿನ ಸಂಜೆ ವಾಟ್ಸಪ್ಪಿನ ಎರಡು ಗುಂಪುಗಳಿಗೆ ಹಾಕಿದೆ. ಒಂದು ನಮ್ಮ ನೆಂಟರಿಷ್ಟರ ಗುಂಪು. ಇನ್ನೊಂದು ನಿವೃತ್ತ ಶಿಕ್ಷಕರ ಗುಂಪು.

"ಎಂತಕ್ಕೆ ಹಾಕಿದ್ರಿ?" ಎಂದಳು ಸುಮಿತ್ರೆ. ಅವಳ ಧ್ವನಿ ಸ್ವಲ್ಪ ಇಳಿದಿತ್ತು. "ಹಾಂಗಾದ್ರೆ ಆನಂದಪುರದ ಮೇಲಿಂದ ಹೋಪನ. ಆ ದಾರಿಲಿ ನೆಂಟರ ಮನೆ ಕಡಮೆ."

"ಹೊಸನಗರದ ದಾರಿ ಹತ್ತಿರ. ಅಷ್ಟು ಬೆಳಿಗ್ಗೆ ಯಾರು ಎದ್ದಿರ್ತ?" ಎಂದೆ. ಮಲೆನಾಡಿನಲ್ಲಿ ಹುಟ್ಟಿ, ಮಲೆನಾಡಿನಲ್ಲೇ ಕೂದಲು ಬೆಳ್ಳಗಾದವನು ಆಡುವ ಮಾತೇ ಇದು? ಆದರೂ ಆಡಿದೆ.

ಮರುದಿನ ಐದಕ್ಕೆ ಸರಿಯಾಗಿ ಹೊರಟೆವು. ತಲೆಗೆ ಟೊಪ್ಪಿ, ಕೊರಳಿಗೆ ಸೀಟಿ. ಗೈಡು ಮುಂದೆ, ಪ್ರವಾಸಿ ಹಿಂದೆ, ಅದು ನಿಯಮ ಎಂದು ಸುಮಿತ್ರೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆ. ಅವಳು ನಗುತ್ತಾ ಶಾಲು ಹೊದ್ದು ಕೂತಳು. ಮಗಳು ಕೊಡಿಸಿದ ಬಿಳಿ ಬೂಟನ್ನು ಮೊದಲ ಸಲ ಹಾಕಿದ್ದಳು, ಮಡಿಲಲ್ಲಿ ಬುತ್ತಿಯ ಚೀಲ. ನಾನು ಸೀಟಿ ಊದಿ ಹಾಜರಿ ತೆಗೆದುಕೊಂಡೆ. "ಒಂದು!" ಎಂದೆ. ಅಷ್ಟೇ ಇದ್ದದ್ದು.

ಬಟ್ಟೆಮಲ್ಲಪ್ಪ ಊರು ಇನ್ನೂ ಬಂದಿರಲಿಲ್ಲ, ರಸ್ತೆಯ ನಡುವೆ ಒಂದು ಟಾರ್ಚು ಆಡತೊಡಗಿತು. ಟಾರ್ಚಿನ ಹಿಂದೆ ನನ್ನ ದೊಡ್ಡಪ್ಪನ ಮಗ ಶ್ರೀಪಾದಣ್ಣ, ತಲೆಗೆ ಮಫ್ಲರು ಸುತ್ತಿಕೊಂಡು ನಿಂತಿದ್ದ.

"ಏ ಗಣಪತಿ, ಆರು ನಿಮಿಷ ತಡ ಆತು ನೋಡು! ಪಟ್ಟಿಲಿ ಐದೂ ಐವತ್ತು ಹೇಳಿ ಇದ್ದು. ಬಾ, ಬರೀ ಆಸ್ರಿಗೆ. ಎರಡೇ ನಿಮಿಷ."

ಆಸ್ರಿಗೆ ಎಂದರೆ ಬಾಯಾರಿಕೆಗೆ ಕೊಡುವುದು. ನಮ್ಮವರಲ್ಲಿ ಮನೆ ಮುಂದೆ ಹಾದು ಹೋಗುವ ನೆಂಟ ಆಸ್ರಿಗೆ ಕುಡಿಯದೆ ಹೋದನೆಂದರೆ ಆ ವಿಷಯ ಮುಂದಿನ ಮೂರು ಮದುವೆಗಳಲ್ಲಿ ಚರ್ಚೆಗೆ ಬರುತ್ತದೆ. "ವಾಪಸ್ ಬಪ್ಪಾಗ ಬತ್ತೆ ಅಣ್ಣ" ಎಂದು ಗೊಣಗಿದೆ. "ಬಪ್ಪಾಗ ಊಟಕ್ಕೆ ಬಾ, ಈಗ ಆಸ್ರಿಗೆ ಬಾ" ಎಂದು ಅವನು ಕಾರಿನ ಬಾಗಿಲನ್ನೇ ತೆಗೆದ. ಬೇಡ ಎನ್ನುವ ಶಬ್ದ ನನ್ನ ಬಾಯಲ್ಲಿ ಹುಟ್ಟುವುದೇ ಇಲ್ಲ. ಹಿಂದಿನ ಸೀಟಿನ ಕಡೆ ನೋಡಿ, "ಎರಡೇ ನಿಮಿಷ" ಎಂದೆ.

ಒಳಗೆ ಆಸ್ರಿಗೆಯ ಜೊತೆ ದೋಸೆ. ದೋಸೆಗೆ ಜೋನಿಬೆಲ್ಲ, ಅದರ ಮೇಲೆ ಬೆಣ್ಣೆ. ಅತ್ತಿಗೆಯೊಬ್ಬರೇ ಕಷ್ಟಪಡುತ್ತಾರೆಂದು ಸುಮಿತ್ರೆ ಒಳಗೆ ಹೋಗಿ ದೋಸೆ ಹುಯ್ಯಲು ನಿಂತಳು. ನಾನು ಐದು ತಿಂದೆ. ಒತ್ತಾಯ ಮಾಡಿದ್ದರು ಎಂಬುದು ನಿಜ, ಎರಡಕ್ಕೆ ಮಾತ್ರ ಮಾಡಿದ್ದರು ಎಂಬುದೂ ನಿಜ. ಹೊರಡುವಾಗ ಮುಕ್ಕಾಲು ಗಂಟೆ ಹೋಗಿತ್ತು.

"ಇನ್ನು ಎಲ್ಲೂ ನಿಲ್ಲಿಸದು ಬೇಡ" ಎಂದಳು ಸುಮಿತ್ರೆ.

"ಗೌರಕ್ಕನ ಮನೆ ಮುಂದೆ ಕಾರಿನ ಗಾಜು ಏರಿಸಿ ಹೋಪದೇ" ಎಂದೆ.

ಗೌರಕ್ಕ ನನ್ನ ಸ್ವಂತ ಅಕ್ಕ. ಅವಳ ಮನೆ ಹೊಸನಗರ ಪೇಟೆ ಮುಟ್ಟುವ ಮೊದಲು, ರಸ್ತೆಗೆ ತಾಗಿಯೇ ಇದೆ. ನಾನು ಗಾಜು ಏರಿಸಿದ್ದೂ ಹೌದು, ಟೊಪ್ಪಿಯನ್ನು ಕಣ್ಣಿನ ತನಕ ಎಳೆದುಕೊಂಡದ್ದೂ ಹೌದು. ಆದರೆ ಗೌರಕ್ಕ ಪಟ್ಟಿಯನ್ನು ಬಾಯಿಪಾಠ ಮಾಡಿದ್ದಳು. ರಸ್ತೆಗೆ ಅಡ್ಡಲಾಗಿ ತನ್ನ ಗಂಡನನ್ನೇ ನಿಲ್ಲಿಸಿದ್ದಳು! ಭಾವ ಸಾಧು ಮನುಷ್ಯ. ಕಾರು ಹತ್ತಿರ ಬಂದರೂ ಅಲ್ಲಾಡಲಿಲ್ಲ. ಕಾರಿಗಿಂತ ಗೌರಕ್ಕನಿಗೆ ಅವರು ಹೆಚ್ಚು ಹೆದರುತ್ತಾರೆ.

ಅಲ್ಲಿ ತೊಡದೇವಿಗೆ ತಯಾರಿ ನಡೆದಿತ್ತು. ಮಡಕೆಯನ್ನು ಬೆಂಕಿಯ ಮೇಲೆ ಬೋರಲು ಹಾಕಿ, ಕಬ್ಬಿನ ಹಾಲಿನಲ್ಲಿ ಕದಡಿದ ಅಕ್ಕಿಹಿಟ್ಟನ್ನು ಅದರ ಬೆನ್ನಿಗೆ ಬಟ್ಟೆಯಲ್ಲಿ ತೆಳ್ಳಗೆ ಬಳಿದು, ಕಾಗದದಷ್ಟು ತೆಳುವಾಗಿ ಎಬ್ಬಿಸಿ ಮಡಚುವ ಸಿಹಿ ಅದು. ಎಲ್ಲರ ಕೈಗೂ ಬರುವುದಿಲ್ಲ, ಸುಮಿತ್ರೆಯ ಕೈಗೆ ಬರುತ್ತದೆ. ಇದೇ ಅವಳ ದುರದೃಷ್ಟ.

"ಸುಮಿತ್ರೆ ಬಂತು, ಇನ್ನು ಚಿಂತಿಲ್ಲೆ!" ಎಂದಳು ಗೌರಕ್ಕ. "ಎನ್ನ ಕೈ ನೋವು ಮಾರಾಯ್ತಿ. ಹತ್ತೇ ಹತ್ತು ಮಾಡಿಕೊಟ್ಟು ಹೋಗು."

ಸುಮಿತ್ರೆ ನನ್ನ ಮುಖ ನೋಡಿದಳು. ಅದು ಸಹಾಯ ಕೇಳುವ ನೋಟ ಎಂದು ಈಗ ಗೊತ್ತಾಗುತ್ತದೆ. ಆಗ ನಾನು ಏನೆಂದೆ ಗೊತ್ತೇ? "ಹತ್ತೇ ಅಲ್ದನೇ, ಮಾಡಿಕೊಡು" ಎಂದೆ. ಅವಳು ಬಿಳಿ ಬೂಟು ಕಳಚಿಟ್ಟು ಒಲೆಯ ಮುಂದೆ ಕೂತಳು. ಹತ್ತು ಹೋಗಿ ನಲವತ್ತಾಯಿತು. ನಾನು ಜಗಲಿಯಲ್ಲಿ ಭಾವನಿಗೆ ಕುದುರೆಮುಖದ ಭೂರಚನೆಯನ್ನು ವಿವರಿಸುತ್ತಾ, ಬಿಸಿ ಬಿಸಿಯಾಗಿ ಬಂದದ್ದನ್ನು ಬಂದ ಹಾಗೆ ವಿಲೇವಾರಿ ಮಾಡುತ್ತಾ ಇದ್ದೆ. ಹೊರಡುವಾಗ ಗೌರಕ್ಕ ಒಂದು ಕಟ್ಟು ತೊಡದೇವು ಕಾರಿನಲ್ಲಿ ಇಟ್ಟಳು. ಸೂರ್ಯ ಚೆನ್ನಾಗಿ ಮೇಲೆ ಬಂದಿದ್ದ. ಕಾರಿನಲ್ಲಿ ಕೂತ ಸುಮಿತ್ರೆಯ ಹಣೆಗೆ ಮಸಿ ತಾಗಿತ್ತು. ನಾನು ಸೀಟಿ ಊದಿ "ಒಂದು!" ಎಂದೆ. ಈ ಸಲ ಅವಳು ನಗಲಿಲ್ಲ.

ತೀರ್ಥಹಳ್ಳಿಯಲ್ಲಿ ನಮಗೆ ನೆಂಟರಿಲ್ಲ. ಹಾಗಾಗಿ ಅಲ್ಲಿ ಧೈರ್ಯವಾಗಿ ಗಾಜು ಇಳಿಸಿದೆ. ನಿವೃತ್ತ ಶಿಕ್ಷಕರ ಗುಂಪನ್ನು ಮರೆತೇಬಿಟ್ಟಿದ್ದೆ. ನಮ್ಮ ಶಾಲೆಯ ವ್ಯಾಯಾಮದ ಮೇಷ್ಟರಾಗಿದ್ದ ನಾಗಪ್ಪಗೌಡರು ಪೇಟೆ ದಾಟಿದ ಕೂಡಲೇ ಸಿಗುವ ತಮ್ಮ ಮನೆಯ ಮುಂದೆ ನಿಂತಿದ್ದರು. ಅವರ ಕೊರಳಲ್ಲೂ ಸೀಟಿ! ನನ್ನದಕ್ಕಿಂತ ದೊಡ್ಡದು. ಊದಿದರು. ಮೂವತ್ತು ವರ್ಷದ ಅಭ್ಯಾಸ, ನನ್ನ ಕಾಲು ತಾನಾಗಿಯೇ ಬ್ರೇಕ್ ಒತ್ತಿತು.

"ಎಂತ ಮೇಷ್ಟ್ರೆ, ನಮ್ಮನೆ ಮುಂದೆ ಹಂಗೇ ಹೋಗೋದಾ? ಏಳೂವರೆಯಿಂದ ನಿಂತಿದೀನಿ ಮಾರಾಯ್ರೆ. ಇಳೀರಿ, ಕಡುಬು ಆರಿ ಹೋಗ್ತಾವೆ."

"ಗೌಡ್ರೆ, ಹೊಟ್ಟೇಲಿ ಜಾಗ ಇಲ್ಲ..."

"ಒಂದು ಕಡುಬಿಗೆ ಎಷ್ಟು ಜಾಗ ಬೇಕು? ಅಕ್ಕ, ನೀವು ಇಳೀರಿ. ನಮ್ಮನೆಯೋರು ನಿಮ್ಮ ಹತ್ರ ಅದೆಂತದೋ ಉಪ್ಪಿನಕಾಯಿ ಕೇಳ್ಬೇಕಂತೆ."

ಸುಮಿತ್ರೆ ಬುತ್ತಿಯ ಚೀಲ ಹಿಡಿದೇ ಮತ್ತೆ ಒಂದು ಅಡುಗೆಮನೆಗೆ ಹೋದಳು. ಅಂದಿಗೆ ಮೂರನೆಯದು. ನಾನು ಅಕ್ಕಿ ಕಡುಬು ಎದುರಿಸಿದೆ. ಗೌಡರ ಎದುರು ಕೂತು ಒಂದೇ ಕಡುಬು ತಿಂದು ಎದ್ದವರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಇಲ್ಲ. ನಾಲ್ಕನೆಯದರ ಹೊತ್ತಿಗೆ ಗಡಿಯಾರ ನೋಡಿದೆ. ಹನ್ನೊಂದು! ಕೈ ತೊಳೆದು, ಗೌಡರಿಗೆ ಕೈ ಮುಗಿದು, ಓಡಿ ಬಂದು ಕಾರು ಹತ್ತಿದೆ. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಸೀಟಿನಲ್ಲಿ ಶಾಲು ಹೊದ್ದ ಆಕೃತಿ ಆಗಲೇ ಕೂತಿತ್ತು. ಭಲೇ ಪ್ರವಾಸಿ, ಎಂದುಕೊಂಡು ಹೊರಟೆ. ಅವಸರದಲ್ಲಿ ಸೀಟಿ ಊದಲಿಲ್ಲ. ಎಣಿಸಲಿಲ್ಲ.

ಗೌಡರು ಹಿಂದೆ ಕೂಗುತ್ತಿದ್ದುದು ಕೇಳಿತು. ಮತ್ತೊಂದು ಕಡುಬಿಗೆ ಇರಬೇಕೆಂದು ವೇಗ ಹೆಚ್ಚಿಸಿದೆ.

ದಾರಿಯುದ್ದಕ್ಕೂ ಗೈಡಿನ ಕೆಲಸ ಶುರು ಮಾಡಿದೆ. ಹುಲ್ಲುಗಾವಲು ಹೇಗಾಯಿತು, ನದಿಗಳು ಎಲ್ಲಿ ಹುಟ್ಟುತ್ತವೆ ಎಂದೆಲ್ಲ ವಿವರಿಸಿದೆ. ಹಿಂದಿನಿಂದ ಮಾತಿಲ್ಲ. ಸಿಟ್ಟು ಬಂದಿದೆ, ಪಾಪ, ಎಂದುಕೊಂಡೆ. ಸಮಾಧಾನ ಮಾಡಲು ಹೊರಟೆ. "ನೋಡು, ತಪ್ಪು ಎನ್ನದೇ. ಇನ್ನು ಯಾರು ಕರೆದರೂ ನಿಲ್ಲಿಸ್ತ್ನಿಲ್ಲೆ. ನಿನ್ನ ಬಿಟ್ಟು ಎಂಗೆ ಯಾರು ಹೆಚ್ಚು ಹೇಳು?" ಎಂದೆ. ಇಷ್ಟು ಒಳ್ಳೆಯ ಮಾತನ್ನು ನಾನು ಮದುವೆಯಾದ ಹೊಸತರಲ್ಲೂ ಆಡಿದ್ದಿಲ್ಲ. ಅದಕ್ಕೂ ಉತ್ತರವಿಲ್ಲ. ಒಂದು ತಿರುವಿನಲ್ಲಿ ಶಾಲು ಜಾರಿತು. ಒಳಗೆ ಒಂದು ಚೀನಿಕಾಯಿ ಕೂತಿತ್ತು.

ಸಿಹಿಗುಂಬಳಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಗೌಡರ ಹಿತ್ತಲಿನದು, ಭಾರೀ ಗಾತ್ರದ್ದು. ನಾವು ತಿನ್ನುತ್ತಿದ್ದಾಗ ಅವರ ಮನೆಯಾಳು ಉಡುಗೊರೆಯಾಗಿ ತಂದು ಸೀಟಿನಲ್ಲಿಟ್ಟು, ಉರುಳಬಾರದೆಂದು ಸುಮಿತ್ರೆಯ ಶಾಲನ್ನೇ ಸುತ್ತಿದ್ದ. ಮೂವತ್ತೊಂದು ವರ್ಷ ಒಂದು ಮಗುವನ್ನೂ ಬಿಟ್ಟು ಬಾರದ ನಾನು, ನನ್ನ ಏಕೈಕ ಪ್ರವಾಸಿಯನ್ನು ಬಿಟ್ಟು ಎಂಟು ಕಿಲೋಮೀಟರ್ ಬಂದಿದ್ದೆ!

ಕಾರು ತಿರುಗಿಸಿಕೊಂಡು ಬಂದೆ. ಸುಮಿತ್ರೆ ಗೌಡರ ಮನೆಯ ಮುಂದೆ ರಸ್ತೆಯ ಬದಿಯಲ್ಲಿ ಬುತ್ತಿಯ ಚೀಲ ಹಿಡಿದು ನಿಂತಿದ್ದಳು. ಗೌಡರು ಏನೋ ತಮಾಷೆ ಮಾಡಲು ಬಾಯಿ ತೆರೆದವರು ಅವಳ ಮುಖ ನೋಡಿ ಒಳಗೆ ಸರಿದರು. ಅವಳು ಅಳುತ್ತಿರಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಈ ಸಲವೂ ಬಿಟ್ಟಿಕ್ಕಿ ಹೋದ್ರಿ" ಎಂದಳು.

ಅಷ್ಟೇ. ಆ ಒಂದು ಮಾತಿನಲ್ಲಿ ಮೂವತ್ತೊಂದು ಪ್ರವಾಸಗಳೂ ಇದ್ದವು. ಬಾಗಿಲಲ್ಲಿ ನಿಂತವಳು, ಡಬ್ಬ ತೊಳೆದವಳು, "ಹೌದು" ಎಂದವಳು, ಎಲ್ಲರೂ ಆ ರಸ್ತೆಯ ಬದಿಯಲ್ಲಿ ನಿಂತಿದ್ದರು. ಕ್ಷಮಿಸು ಎನ್ನಬೇಕಿತ್ತು, ಬಾಯಿ ತೆರೆದರೆ ತೇಗು ಬಂತು. ಮಾನ ಹೋಗುವುದೆಂದರೆ ಇದೇ ಎಂದು ಆವತ್ತು ತಿಳಿಯಿತು. ಮುಂದಿನ ಬಾಗಿಲು ತೆಗೆದು ಹಿಡಿದೆ. ಅವಳು ಮುಂದಿನ ಸೀಟಿನಲ್ಲಿ ಕೂತಳು. ಚೀನಿಕಾಯಿ ಹಿಂದೆಯೇ ಉಳಿಯಿತು.

ಅಲ್ಲಿಂದ ಮುಂದೆ ನಾನು ಉಪನ್ಯಾಸ ಮಾಡಲಿಲ್ಲ. ಹೊಟ್ಟೆಯಲ್ಲಿ ದೋಸೆ, ತೊಡದೇವು, ಕಡುಬುಗಳು ಒಂದರ ಮೇಲೊಂದು ಕೂತು ತಮ್ಮದೇ ಭೂರಚನೆ ಮಾಡಿಕೊಳ್ಳುತ್ತಿದ್ದವು. ಸುಮಿತ್ರೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಘಟ್ಟದ ದಾರಿ ಏರಿದಂತೆ ಕಾಡು ದಟ್ಟವಾಯಿತು, ಆಮೇಲೆ ಸರಿದು ದೂರದ ಹುಲ್ಲಿನ ಗುಡ್ಡಗಳು ಕಾಣತೊಡಗಿದವು. ಅವಳ ಕೈ ತಾನಾಗಿಯೇ ಕಿಟಕಿಯ ಅಂಚಿಗೆ ಹೋಯಿತು.

ಉದ್ಯಾನದ ಬಾಗಿಲು ಮುಟ್ಟಿದಾಗ ಎರಡು ಗಂಟೆಗೆ ಹದಿನೈದು ನಿಮಿಷ ಬಾಕಿ. ಅಲ್ಲಿದ್ದ ಗಾರ್ಡು ನಮ್ಮ ಪರವಾನಗಿ ನೋಡಿ, ಗಡಿಯಾರ ನೋಡಿ, ನನ್ನ ಸೀಟಿ ನೋಡಿದರು.

"ಈಗ ಬಂದ್ರಾ ಸಾರ್? ಬೆಳಿಗ್ಗೆ ಬರ್ಬೇಕಲ್ಲ. ದೊಡ್ಡ ಬೆಟ್ಟಕ್ಕೆ ಈ ಹೊತ್ತಲ್ಲಿ ಬಿಡಕ್ಕಾಗಲ್ಲ."

ಸುಮಿತ್ರೆ ಬಗ್ಗಿ, ಬಿಚ್ಚಿ ಹೋಗಿದ್ದ ಬೂಟಿನ ದಾರವನ್ನು ಕಟ್ಟಿಕೊಂಡಳು, ಅಷ್ಟೇ. ಎಲ್ಲಿಗೂ ಹೋಗಲಿಕ್ಕಿಲ್ಲದವರು ಬೂಟು ಬಿಗಿಯುವುದನ್ನು ನೋಡಲು ಗಾರ್ಡಿಗೂ ಆಗಲಿಲ್ಲವೇನೋ. ಮರದ ಕೆಳಗೆ ಕೂತಿದ್ದ, ನಮ್ಮದೇ ವಯಸ್ಸಿನ ತೆಳ್ಳಗಿನ ಮನುಷ್ಯನನ್ನು ಕರೆದರು. ಅಲ್ಲಿನ ಗೈಡು ಶೇಖರಣ್ಣ.

"ಆಚೆ ಗುಡ್ಡದ ನೆತ್ತಿಗೆ ಹೋಗಿ ಬರಬಹುದು" ಎಂದರು ಶೇಖರಣ್ಣ. "ಒಂದೂವರೆ ಗಂಟೆ ಹತ್ತಬೇಕು. ಐದೂವರೆ ಒಳಗೆ ಕೆಳಗೆ ಇರ್ಬೇಕು. ಎಲ್ಲೂ ಕೂರ್ತಾ ನಿಲ್ತಾ ಹೋಗಂಗಿಲ್ಲ. ಆಗುತ್ತಾ?"

"ಆಗ್ತು!" ಎಂದಳು ಸುಮಿತ್ರೆ. ತೀರ್ಥಹಳ್ಳಿ ಬಿಟ್ಟ ಮೇಲೆ ಅವಳು ಆಡಿದ ಮೊದಲ ಮಾತು.

ಹತ್ತತೊಡಗಿದೆವು. ಮೊದಲ ಐವತ್ತು ಹೆಜ್ಜೆ ನಾನೇ ಮುಂದೆ. ನೂರಕ್ಕೆ ಶೇಖರಣ್ಣ ಮುಂದೆ. ನೂರೈವತ್ತಕ್ಕೆ ಸುಮಿತ್ರೆಯೂ ಮುಂದೆ. ಇನ್ನೂರನೆಯ ಹೆಜ್ಜೆಗೆ ನಾನು ಒಂದು ಬಂಡೆಯನ್ನು ಅಪ್ಪಿಕೊಂಡು ಕೂತೆ. ಕಣ್ಣಿಗೆ ಕತ್ತಲೆ ಬಂತು. ಒಳಗಿದ್ದ ನಾಲ್ಕು ಕಡುಬುಗಳೂ ಒಕ್ಕೊರಲಿನಿಂದ ಇನ್ನು ಮುಂದೆ ಬರುವುದಿಲ್ಲ ಎಂದವು.

ಸುಮಿತ್ರೆ ಇಳಿದು ಬಂದು ನೀರು ಕುಡಿಸಿದಳು, ಸೆರಗಿನಿಂದ ಗಾಳಿ ಹಾಕಿದಳು. ಶೇಖರಣ್ಣ ನಾಡಿ ನೋಡಿ, "ಊಟ ಜಾಸ್ತಿ ಆಗಿದೆ, ಬೇರೆ ಏನಿಲ್ಲ. ಆದ್ರೆ ಇವರು ಹತ್ತಲ್ಲ" ಎಂದು ಎರಡು ಮಾತಿನಲ್ಲಿ ನನ್ನನ್ನು ಮುಗಿಸಿದರು. "ಅಮ್ಮಾ, ಹೊತ್ತಿಲ್ಲ. ಒಂದೋ ಎಲ್ಲರೂ ಇಳಿಯೋಣ, ಇಲ್ಲ ನೀವೊಬ್ಬರು ನನ್ನ ಜೊತೆ ಬರ್ಬೇಕು."

"ಇವರನ್ನ ಬಿಟ್ಟಿಕ್ಕಿ ಹೆಂಗೆ ಹೋಪದು?" ಎಂದಳು ಸುಮಿತ್ರೆ. ನಾನು ಎಂಟು ಕಿಲೋಮೀಟರ್ ಹಿಂದೆ ಬಿಟ್ಟು ಹೋಗಿದ್ದವಳು ಆಡಿದ ಮಾತು ಇದು. ಆದರೆ ಆಡುವಾಗ ಅವಳ ಕಣ್ಣು ಗುಡ್ಡದ ನೆತ್ತಿಯ ಕಡೆಗಿತ್ತು.

ಗಂಡ ಬಿದ್ದಿರುವಾಗ ಅವಳು ಹೋಗುವವಳಲ್ಲ ಎಂದು ನನಗೆ ಗೊತ್ತಿತ್ತು. ಸ್ವಲ್ಪ ನರಳಿದ್ದರೂ ಸಾಕಿತ್ತು, ಜೊತೆಯಲ್ಲೇ ಕೂತುಬಿಡುತ್ತಿದ್ದಳು. ನರಳಬೇಕೆಂದು ಅನ್ನಿಸಿತು ಕೂಡ, ಸುಳ್ಳು ಹೇಳುವುದಿಲ್ಲ. ಒಬ್ಬನೇ ಕೂರಲು ನನಗೆ ಭಯವಾಗಿತ್ತು. ಆದರೂ ಎದ್ದು ನೆಟ್ಟಗೆ ಕೂತು, "ಹೋಗು" ಎಂದೆ. "ಬುತ್ತಿ ಇಲ್ಲಿ ಕೊಡು, ಆನು ಕಾಯ್ತೆ. ಎಂತಾದ್ರೂ ಆದ್ರೆ ಸೀಟಿ ಊದ್ತೆ. ನೀನು ಹೋಗಿ ನೋಡಿಕ್ಕಿ ಬಾ."

ಅವಳು ಎರಡು ಸಲ ತಿರುಗಿ ನೋಡಿದಳು. ಆಮೇಲೆ ನೋಡಲಿಲ್ಲ. ಬಿಳಿ ಬೂಟು ಹುಲ್ಲಿನ ನಡುವೆ ಕಾಣುತ್ತಾ ಕಾಣುತ್ತಾ ತಿರುವಿನಲ್ಲಿ ಮರೆಯಾಯಿತು.

ಕಾಯುವುದು ಎಂದರೇನು? ಎರಡು ಅಂಕಕ್ಕೂ ನನಗೆ ಉತ್ತರ ಗೊತ್ತಿರಲಿಲ್ಲ. ಹತ್ತು ನಿಮಿಷಕ್ಕೆ ಅವಳು ಎಲ್ಲಿರಬಹುದು ಎಂದು ಯೋಚಿಸಿದೆ. ಇಪ್ಪತ್ತು ನಿಮಿಷಕ್ಕೆ ಜಾರಿದರೆ ಎಂದು ಯೋಚಿಸಿದೆ. ಅರ್ಧ ಗಂಟೆಗೆ ನಾನಿಲ್ಲದೆ ಅವಳಿಗೆ ಅದೆಲ್ಲ ಏನು ಅರ್ಥವಾಗುತ್ತದೆ ಎಂದು ಯೋಚಿಸಿ, ಆ ಯೋಚನೆಗೆ ನಾನೇ ನಾಚಿದೆ. ಮೂವತ್ತೊಂದು ವರ್ಷ ಅವಳು ಹೀಗೆ ಕೂತು ಏನು ಯೋಚಿಸುತ್ತಿದ್ದಳೋ! ಒಂದು ದಿನವೂ ಕೇಳಿರಲಿಲ್ಲ. ಸದ್ಯ ಬುತ್ತಿಯೊಂದನ್ನಾದರೂ ಜೋಪಾನ ಮಾಡೋಣ, ಬಂದ ಕೂಡಲೇ ನಾನೇ ಎಲೆ ಬಿಚ್ಚಿ ಅವಳಿಗೆ ಬಡಿಸೋಣ ಎಂದು ನಿರ್ಧರಿಸಿದೆ.

ಹಾಗೆ ನಿರ್ಧರಿಸಿ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಎಲ್ಲಿಂದಲೋ ಒಂದು ಮಂಗ ಬಂದು ಬುತ್ತಿಯ ಚೀಲ ಎಳೆಯಿತು. ನಾನು ಈ ಕಡೆ ಎಳೆದೆ. ಅದರ ಕಡೆಗೆ ಇನ್ನೂ ನಾಲ್ಕು ಜನ ಸೇರಿಕೊಂಡರು. ಬೇರೆ ಅಸ್ತ್ರ ತೋಚದೆ ಇದ್ದ ಬಲವನ್ನೆಲ್ಲ ಹಾಕಿ ಸೀಟಿ ಊದಿದೆ. ಮಂಗಗಳು ಸ್ವಲ್ಪವೂ ಹೆದರಲಿಲ್ಲ. ಚೀಲ ಮರ ಹತ್ತಿತು. ಸುಮಿತ್ರೆಯ ಪುಳಿಯೋಗರೆಯನ್ನು ಅವು ಎಲೆ ಬಿಚ್ಚಿ, ಸಾಲಾಗಿ ಕೂತು, ನಮ್ಮ ಮೇಷ್ಟರುಗಳಿಗಿಂತ ಶಿಸ್ತಿನಿಂದ ಉಂಡವು. ಆಗ ನನಗೆ ನೆನಪಾಯಿತು, ಸೀಟಿ ಊದಿದರೆ ಏನೋ ಆಗಿದೆ ಎಂದು ಅರ್ಥ! ಸುಮಿತ್ರೆ ನೆತ್ತಿ ಮುಟ್ಟುವ ಮೊದಲೇ ಇಳಿದು ಓಡಿ ಬರುತ್ತಾಳೆ. ಕೊನೆಗೂ ಅವಳ ಬೆಟ್ಟವನ್ನು ನಾನೇ ಕೆಡಿಸಿದೆ. ಬಂಡೆಯ ಮೇಲೆ ತಲೆಗೆ ಕೈ ಹೊತ್ತು ಕೂತೆ.

ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು, ಅವಳು ಬರಲಿಲ್ಲ. ಬಂದದ್ದು ಐದು ಗಂಟೆಗೆ. ಬೂಟು ಬಿಳಿಯಾಗಿ ಉಳಿದಿರಲಿಲ್ಲ. ಸೀರೆಯ ತುಂಬ ಹುಲ್ಲಿನ ಮುಳ್ಳು, ಮುಖ ಕೆಂಪಾಗಿತ್ತು, ಕೂದಲು ಹಾರುತ್ತಿತ್ತು. ಮಸಿ ಮಾತ್ರ ಹಣೆಯಲ್ಲೇ ಇತ್ತು.

"ಸೀಟಿ ಕೇಳಿತ್ತಾ?" ಎಂದು ಹೆದರುತ್ತಾ ಕೇಳಿದೆ.

"ಕೇಳಿತ್ತು. ನೆತ್ತಿಗೆ ಇನ್ನು ಸ್ವಲ್ಪ ಇತ್ತು. ಒಂದು ಗಳಿಗೆ ನಿಂತೆ." ಅವಳು ನನ್ನ ಪಕ್ಕ ಕೂತಳು. "ಆಮೇಲೆ ಯೋಚನೆ ಮಾಡಿದೆ. ಅಷ್ಟು ಗಟ್ಟಿ ಊದುವವಕ್ಕೆ ಎಂತೂ ಆಯ್ದಿಲ್ಲೆ ಹೇಳಿ ಅನ್ನಿಸಿತು. ಹತ್ತಿದೆ."

ಶೇಖರಣ್ಣ ನಕ್ಕರು. "ನಿಲ್ಲೋದೇ ಇಲ್ಲ ಸಾರ್ ಇವರು. ಶೋಲಾ ಕಾಡು ಅಂದ್ರೆ ಎಂತದು ಅಂತ ನನಗೇ ಹೇಳಿಕೊಟ್ರು."

ಮನೆಯ ಜಗಲಿಯಲ್ಲಿ ನಾನು ಮಕ್ಕಳಿಗೆ ಪಾಠ ಹೇಳುವಾಗ ಒಳಗೆ ತರಕಾರಿ ಹೆಚ್ಚುತ್ತಾ ಕೇಳಿಸಿಕೊಂಡದ್ದಂತೆ. ಆಮೇಲೆ ಅವಳು ನನಗೆ ಹೇಳಿದಳು. ನೆತ್ತಿಯ ಮೇಲೆ ನಿಂತರೆ ಗುಡ್ಡದ ಹಿಂದೆ ಗುಡ್ಡ, ಎಣಿಸಿ ಮುಗಿಯುವುದಿಲ್ಲ ಎಂದಳು. ಗಾಳಿಗೆ ಹುಲ್ಲೆಲ್ಲ ಒಂದೇ ಕಡೆ ಮಲಗಿ ಏಳುತ್ತದೆ ಎಂದಳು. ಗುಡ್ಡಗಳ ಸಂದಿಯಲ್ಲಿ ಮಾತ್ರ ಶೋಲಾ ಕಾಡು ಇರುತ್ತದೆ, ನೀವು ಪಾಠದಲ್ಲಿ ಹೇಳಿದ್ದು ಸರಿಯಾಗಿಯೇ ಇತ್ತು ಎಂದಳು. ಹೇಳುತ್ತಾ ಹೇಳುತ್ತಾ ಅವಳ ಎರಡು ಕೈಗಳೂ ಆಡುತ್ತಿದ್ದವು. ನಾನು ಅವಳನ್ನೇ ನೋಡುತ್ತಾ ಕೂತಿದ್ದೆ. ಇಷ್ಟು ಸಂತೋಷವನ್ನು ಇವಳ ಮುಖದಲ್ಲಿ ನಾನು ಕಂಡಿದ್ದಿಲ್ಲವಲ್ಲ ಎಂದು ಸಂತೋಷವೂ ಆಯಿತು, ಸಂಕಟವೂ ಆಯಿತು. ಈ ಸಂಕಟ ಕಡುಬಿನದಲ್ಲ.

ಕೊನೆಯಲ್ಲಿ ಅವಳು ನನ್ನ ಕಡೆ ತಿರುಗಿ, "ನಿಂಗೊನೂ ಬರಕಾಗಿತ್ತು" ಎಂದಳು.

ಕೊಂಕಿರಲಿಲ್ಲ. ಆಸೆಯಿಂದಲೇ ಹೇಳಿದಳು. ನಾನು "ಹೌದು" ಎಂದೆ. ಎಂದು, ತೊಳೆಯಲು ಡಬ್ಬ ಹುಡುಕಿದೆ. ಅದೂ ಮಂಗಗಳ ಹತ್ತಿರ ಇತ್ತು.

ಕಾರಿನಲ್ಲಿ ಕೂತು ಗೌರಕ್ಕನ ಮನೆಯ ತೊಡದೇವಿನ ಕಟ್ಟು ಬಿಚ್ಚಿದೆವು. ಅವಳೇ ಬೆಳಿಗ್ಗೆ ಮಾಡಿದ್ದನ್ನು ಅವಳಿಗೆ ಮಡಚಿ ಮಡಚಿ ಕೊಟ್ಟೆ. ನಾನು ಒಂದನ್ನೂ ಮುಟ್ಟಲಿಲ್ಲ. ತ್ಯಾಗವಲ್ಲ, ಜಾಗವಿರಲಿಲ್ಲ. ಫೋನು ಮೂರು ಸಲ ರಿಂಗಾಯಿತು, ಶ್ರೀಪಾದಣ್ಣ, ಗೌರಕ್ಕ, ನಾಗಪ್ಪಗೌಡರು, ಎಲ್ಲರೂ ರಾತ್ರಿ ಊಟಕ್ಕೆ. ಮೂವರಿಗೂ ನಾನೇ, "ಇವತ್ತು ಆಗ್ತಿಲ್ಲೆ, ಇವತ್ತು ಸುಮಿತ್ರೆಯ ದಿನ" ಎಂದೆ. ಗೌಡರಿಗೂ ಗಡಿಬಿಡಿಯಲ್ಲಿ ನಮ್ಮ ಮನೆಮಾತಿನಲ್ಲೇ ಹಾಗೆಂದೆ. ಬೇಡ ಎನ್ನಲು ಬರುತ್ತದೆ ಎಂದು ಗೊತ್ತಾಗಲು ನನಗೆ ಅರವತ್ತೆರಡು ವರ್ಷ ಬೇಕಾಯಿತು.

ಹೊರಡುವ ಮೊದಲು ಸುಮಿತ್ರೆ ನನ್ನ ಕೊರಳಿನಿಂದ ಸೀಟಿ ತೆಗೆದು ತಾನು ಹಾಕಿಕೊಂಡಳು. ಮೆಲ್ಲಗೆ ಊದಿದಳು. ತನ್ನನ್ನು ಮುಟ್ಟಿ "ಒಂದು" ಎಂದಳು, ನನ್ನ ಭುಜ ಮುಟ್ಟಿ "ಎರಡು" ಎಂದಳು, ಹಿಂದೆ ಬಗ್ಗಿ ಚೀನಿಕಾಯಿಯನ್ನು ತಟ್ಟಿ "ಮೂರು" ಎಂದಳು. "ಎಲ್ಲ ಇದ್ದ. ಹೋಪನ."

ಪ್ರವಾಸದ ವರದಿಯನ್ನು ಎರಡೂ ಗುಂಪುಗಳಿಗೆ ಕಳಿಸಬೇಕೆಂದು ಒತ್ತಾಯ ಬಂದಿರುವುದರಿಂದ, ಮೂವತ್ತೊಂದು ವರ್ಷದ ಅನುಭವವಿರುವ ಭೂಗೋಳ ಶಿಕ್ಷಕನಾಗಿ ನಿಖರವಾಗಿ ದಾಖಲಿಸುತ್ತಿದ್ದೇನೆ. ಆ ದಿನ ಸುಮಿತ್ರೆ ಗುಡ್ಡದ ನೆತ್ತಿ ಮುಟ್ಟಿದಳು. ಚೀನಿಕಾಯಿ ಉದ್ಯಾನದ ಬಾಗಿಲಿನವರೆಗೆ ತಲುಪಿತು. ಗೈಡು ಚೀನಿಕಾಯಿಗಿಂತ ಇನ್ನೂರು ಹೆಜ್ಜೆ ಮುಂದೆ ಹೋಗಿದ್ದ.